ಕನ್ನಡಕದ ಮೇಲೆ ಹೆಡ್‌ಸೆಟ್: ಐ ಟ್ರ್ಯಾಕಿಂಗ್ ಕ್ಯಾಮೆರಾ ಎಲ್ಲಿ, ದೀಪ ಎಲ್ಲಿ?

ವಿಆರ್ ಹೆಡ್‌ಸೆಟ್‌ಗೆ ಐ ಟ್ರ್ಯಾಕಿಂಗ್, ಅಂದರೆ ಕಣ್ಣು ಎತ್ತ ನೋಡುತ್ತಿದೆ ಎಂದು ಅಳೆಯುವ ವ್ಯವಸ್ಥೆ, ಬೇಕು. ಹಾಕಿಕೊಳ್ಳುವವರು ಕನ್ನಡಕ ತೆಗೆಯುವುದಿಲ್ಲ. ಈ ಎರಡು ಸಾಲು ಒಂದೇ ಸ್ಪೆಕ್‌ನಲ್ಲಿ ಬಂದರೆ ಮೀಟಿಂಗ್‌ನಲ್ಲಿ ಏಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದು: ಎಷ್ಟು ಪವರ್‌ವರೆಗಿನ ಕನ್ನಡಕ ನಡೆಯಬೇಕು? ಮೈನಸ್ 4 ಸಾಕಾ, ಮೈನಸ್ 8 ಬೇಕಾ?

ಅದನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ಪವರ್ ತರುವ ತೊಂದರೆಯಲ್ಲಿ ಹೆಚ್ಚಿನದು ಕ್ಯಾಲಿಬ್ರೇಶನ್‌ನಲ್ಲಿ, ಅಂದರೆ ಪರದೆಯ ಗೊತ್ತಾದ ಚುಕ್ಕೆಗಳನ್ನು ನೋಡಿಸಿ ಟ್ರ್ಯಾಕರ್ ಅನ್ನು ಹೊಂದಿಸುವಾಗ, ಕರಗಿಹೋಗುತ್ತದೆ. ಕರಗದೆ ಉಳಿಯುವುದು ಬೇರೆ: ಗಾಜಿನ ಮೇಲಿನ ಪ್ರತಿಫಲನ, ಕ್ಯಾಮೆರಾಗೆ ಅಡ್ಡ ಬರುವ ಫ್ರೇಮ್, ಮೂಗಿನ ಮೇಲೆ ಜಾರುವ ಕನ್ನಡಕ. ಆದ್ದರಿಂದ ಮೊದಲು ತೀರ್ಮಾನ ಮಾಡಬೇಕಾದ್ದು ಕ್ಯಾಮೆರಾ ಕನ್ನಡಕದ ಒಳಗಡೆ ಇರುತ್ತದೋ ಹೊರಗಡೆಯೋ ಎಂಬುದನ್ನು. ಎರಡನೆಯದು, ಕಣ್ಣನ್ನು ಬೆಳಗುವ ದೀಪಗಳು ಎಲ್ಲಿ ಕೂರುತ್ತವೆ ಎಂಬುದು. ಸಾಫ್ಟ್‌ವೇರ್ ಇವೆರಡರ ನಂತರ.

ಹೆಡ್‌ಸೆಟ್ ತಯಾರಿಸುವ ಟೀಮ್‌ನಲ್ಲಿ ಇರುವವರಿಗೆ, ಲ್ಯಾಬ್‌ನಲ್ಲಿ ಪ್ರೋಟೋಟೈಪ್ ಕಟ್ಟುತ್ತಿರುವ ವಿದ್ಯಾರ್ಥಿಗಳಿಗೆ ಆಯ್ಕೆಗಳನ್ನು ಒಂದಕ್ಕೊಂದು ತೂಗಿ ನೋಡಲು ಇದನ್ನು ಬರೆದಿದ್ದೇನೆ. ಕೊಳ್ಳುವವರಿಗೂ ಸ್ವಲ್ಪ ಉಪಯೋಗವಾಗಬಹುದು.

ಟ್ರ್ಯಾಕರ್ ಏನನ್ನು ನೋಡುತ್ತದೆ

ಇವತ್ತಿನ ಬಹಳಷ್ಟು ಟ್ರ್ಯಾಕರ್‌ಗಳು ಕೆಲಸ ಮಾಡುವ ರೀತಿ ಒಂದೇ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಎಲ್‌ಇಡಿಗಳು ಕಣ್ಣನ್ನು ಬೆಳಗುತ್ತವೆ. ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸುಮಾರು 7.8 ಮಿ.ಮೀ. ತ್ರಿಜ್ಯದ ಉಬ್ಬುಗನ್ನಡಿ ಇದ್ದಹಾಗೆ. ಪ್ರತಿ ಎಲ್‌ಇಡಿಗೂ ಅದರಲ್ಲಿ ಒಂದು ಸಣ್ಣ ಹೊಳೆಯುವ ಚುಕ್ಕಿ ಕಾಣುತ್ತದೆ. ಇದಕ್ಕೆ ಗ್ಲಿಂಟ್ ಅನ್ನುತ್ತಾರೆ. ಪಾಪೆ ಕಪ್ಪು ವೃತ್ತವಾಗಿ ಕಾಣುತ್ತದೆ. ಗ್ಲಿಂಟ್‌ನಿಂದ ಪಾಪೆಯ ಮಧ್ಯಕ್ಕೆ ಎಷ್ಟು ದೂರ, ಯಾವ ದಿಕ್ಕು ಎಂದು ಅಳೆದರೆ ನೋಟದ ದಿಕ್ಕು ಸಿಗುತ್ತದೆ.

ಬರೀ ಪಾಪೆಯನ್ನು ಅಳೆದರೆ ಸಾಲದೇ? ಲೆಕ್ಕ ನೋಡಿ. ಕಣ್ಣು 1 ಡಿಗ್ರಿ ತಿರುಗಿದರೆ ಪಾಪೆ ಸುಮಾರು 0.18 ಮಿ.ಮೀ. ಸರಿಯುತ್ತದೆ. ಅಂದರೆ ಹೆಡ್‌ಸೆಟ್ ಮುಖದ ಮೇಲೆ 1 ಮಿ.ಮೀ. ಜಾರಿದರೆ, ಪಾಪೆಯನ್ನಷ್ಟೇ ನಂಬಿದ ಟ್ರ್ಯಾಕರ್ ಐದು ಡಿಗ್ರಿಗಿಂತ ಜಾಸ್ತಿ ತಪ್ಪು ಹೇಳುತ್ತದೆ. ನಗುವಾಗ ಕೆನ್ನೆ ಮೇಲೇರಿದರೂ ಅಷ್ಟು ಜಾರುತ್ತದೆ. ಗ್ಲಿಂಟ್ ಇದ್ದರೆ ಎರಡೂ ಒಟ್ಟಿಗೆ ಸರಿಯುವುದರಿಂದ ಜಾರಿಕೆ ಬಹುಮಟ್ಟಿಗೆ ರದ್ದಾಗುತ್ತದೆ.

ಆದರೆ ಅದಕ್ಕೆ ತೆರಬೇಕಾದ ಬೆಲೆ ಇದೆ. ಕಣ್ಣು ತಿರುಗಿದಾಗ ಗ್ಲಿಂಟ್ ಕೂಡ ಸ್ವಲ್ಪ ಸರಿಯುತ್ತದೆ. ಆದ್ದರಿಂದ ಪಾಪೆಗೂ ಗ್ಲಿಂಟ್‌ಗೂ ನಡುವಿನ ಅಂತರ ಡಿಗ್ರಿಗೆ ಬದಲಾಗುವುದು ಸುಮಾರು 0.08 ಮಿ.ಮೀ. ಮಾತ್ರ. ಓಮ್ನಿವಿಷನ್‌ನ ಒವಿ6211 ಈ ಕೆಲಸಕ್ಕೆ ಚೆನ್ನಾಗಿ ಪರಿಚಿತವಾದ ಸೆನ್ಸರ್, 400×400 ಪಿಕ್ಸೆಲ್. ಅದು 30 ಮಿ.ಮೀ. ಅಗಲ ನೋಡುವಂತೆ ಜೋಡಿಸಿದರೆ ಒಂದು ಡಿಗ್ರಿಗೆ ಸಿಗುವುದು ಹೆಚ್ಚುಕಮ್ಮಿ ಒಂದು ಪಿಕ್ಸೆಲ್. ಅರ್ಧ ಡಿಗ್ರಿ ನಿಖರತೆ ಬೇಕೆಂದರೆ ಗ್ಲಿಂಟ್‌ನ ಮಧ್ಯವನ್ನು ಅರ್ಧ ಪಿಕ್ಸೆಲ್‌ಗಿಂತ ಚೆನ್ನಾಗಿ ಹಿಡಿಯಬೇಕು. ಆ ಚುಕ್ಕಿಯ ಪಕ್ಕದಲ್ಲೇ ಇನ್ನೊಂದು ಸುಳ್ಳು ಚುಕ್ಕಿ ಬಂದು ಕೂತರೆ ಏನಾಗಬಹುದು ಎಂದು ನೀವೇ ಊಹಿಸಿ.

ಕನ್ನಡಕ ತರುವುದು ಆ ಸುಳ್ಳು ಚುಕ್ಕಿಯನ್ನೇ. ರಾತ್ರಿ ಬಸ್ಸಿನಲ್ಲಿ ಒಳಗೆ ದೀಪ ಹಾಕಿದಾಗ ಕಿಟಕಿಯಲ್ಲಿ ಹೊರಗಿನ ಊರಿನ ಬದಲು ನಮ್ಮ ಮುಖವೇ ಕಾಣುತ್ತದಲ್ಲ, ಅದೇ ಕಥೆ. ಕಾರ್ನಿಯಾ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 2.5 ಶೇಕಡಾ ಮಾತ್ರ ವಾಪಸ್ ಕಳಿಸುತ್ತದೆ. ಕೋಟಿಂಗ್ ಇಲ್ಲದ ಮಾಮೂಲಿ 1.5 ಇಂಡೆಕ್ಸ್ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಳತೆ) ಗಾಜು ಪ್ರತಿ ಮೇಲ್ಮೈಯಲ್ಲಿ 4 ಶೇಕಡಾ ಕಳಿಸುತ್ತದೆ. ಪಾಲಿಕಾರ್ಬೊನೇಟ್ 5 ಶೇಕಡಾ. ತೆಳ್ಳಗಿನ 1.67 ಇಂಡೆಕ್ಸ್ ಗಾಜು 6 ಶೇಕಡಾ ದಾಟುತ್ತದೆ. ಇಂಥ ಸುಳ್ಳು ಚುಕ್ಕಿಯನ್ನು ಭೂತ ಎನ್ನೋಣ. ಮೇಲ್ಮೈ ಎರಡು, ಹಾಗಾಗಿ ಭೂತಗಳೂ ಎರಡು. ಮೇಲಾಗಿ ಕಾರ್ನಿಯಾ ಪುಟ್ಟ ಉಬ್ಬುಗನ್ನಡಿ, ಬೆಳಕನ್ನು ಎಲ್ಲ ಕಡೆ ಚೆದುರಿಸಿಬಿಡುತ್ತದೆ. ಕನ್ನಡಕದ ಗಾಜು ಅದಕ್ಕೆ ಹೋಲಿಸಿದರೆ ಚಪ್ಪಟೆ. ಅದು ಎಲ್‌ಇಡಿಯನ್ನು ಹಾಗೇ ಕ್ಯಾಮೆರಾಗೆ ತೋರಿಸುತ್ತದೆ, ಆ ಜಾಗದ ಪಿಕ್ಸೆಲ್‌ಗಳು ಪೂರಾ ಬೆಳ್ಳಗಾಗುತ್ತವೆ.

'ಆಂಟಿ ರಿಫ್ಲೆಕ್ಷನ್ ಕೋಟಿಂಗ್ ಇದೆಯಲ್ಲ' ಎಂದು ಸಮಾಧಾನಪಡಬೇಡಿ. ಅದನ್ನು ಮಾಡಿರುವುದು ಕಣ್ಣಿಗೆ ಕಾಣುವ ಬೆಳಕಿಗಾಗಿ. ಟ್ರ್ಯಾಕರ್‌ನ ಎಲ್‌ಇಡಿ ಬಳಸುವ 850 ನ್ಯಾನೋಮೀಟರ್‌ನ ಇನ್‌ಫ್ರಾರೆಡ್ ತರಂಗದಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬ ಭರವಸೆಯಿಲ್ಲ. ಕೋಟಿಂಗ್ ಇಲ್ಲದ ಗಾಜಿಗಿಂತ ಜಾಸ್ತಿ ಹೊಳೆಯುವ ಕೋಟಿಂಗ್‌ಗಳೂ ಇವೆ.

ಪವರ್‌ಗೆ ಯಾಕೆ ಅಷ್ಟು ಹೆದರಬೇಕಿಲ್ಲ

ಮೈನಸ್ 6 ಗಾಜನ್ನೇ ತೆಗೆದುಕೊಳ್ಳೋಣ. ಪಾಪೆ ಗಾಜಿನಿಂದ 15 ಮಿ.ಮೀ. ಹಿಂದಿದೆ ಎಂದುಕೊಳ್ಳಿ. ಕ್ಯಾಮೆರಾಗೆ ಪಾಪೆ ಸುಮಾರು 8 ಶೇಕಡಾ ಚಿಕ್ಕದಾಗಿ ಕಾಣುತ್ತದೆ. ಬಿಂಬ ಸುಮಾರು 1 ಮಿ.ಮೀ. ಮುಂದಕ್ಕೆ ಬರುತ್ತದೆ, ಅಷ್ಟೇ. ಸಣ್ಣ ಅಪರ್ಚರ್‌ನ ಕ್ಯಾಮೆರಾಗೆ ಅದು ಫೋಕಸ್ ಸಮಸ್ಯೆಯೇ ಅಲ್ಲ. ಆಟೋಫೋಕಸ್ ಹಾಕೋಣ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ.

ಇನ್ನೊಂದು ಪರಿಣಾಮ ಇದಕ್ಕಿಂತ ದೊಡ್ಡದು, ಆದರೆ ಚರ್ಚೆಯಲ್ಲಿ ಕಡಿಮೆ ಬರುತ್ತದೆ. ಮೈನಸ್ ಗಾಜಿನ ಮೂಲಕ ನೋಡುವ ಕಣ್ಣು ಅದೇ ವಸ್ತುವಿಗಾಗಿ ಕಡಿಮೆ ತಿರುಗುತ್ತದೆ. ಕಣ್ಣು ತಿರುಗುವ ಕೇಂದ್ರ ಗಾಜಿನಿಂದ ಸುಮಾರು 25 ಮಿ.ಮೀ. ಹಿಂದಿದೆ. ಮೈನಸ್ 6ಕ್ಕೆ ಲೆಕ್ಕ ಹಾಕಿದರೆ ಸುಮಾರು 13 ಶೇಕಡಾ ಕಡಿಮೆ. ಪರದೆಯಲ್ಲಿ 20 ಡಿಗ್ರಿ ಆಚೆಯ ಬಟನ್ ನೋಡಲು ಕಣ್ಣು ಹದಿನೇಳೂವರೆ ಡಿಗ್ರಿಯ ಹತ್ತಿರ ತಿರುಗಿದರೆ ಸಾಕು. ಕನ್ನಡಕ ಹಾಕಿಕೊಂಡೇ ಕ್ಯಾಲಿಬ್ರೇಶನ್ ಮಾಡಿದರೆ ಇದು ತಾನಾಗಿ ಸರಿಹೋಗುತ್ತದೆ. ಬರಿಗಣ್ಣಿನಲ್ಲಿ ಮಾಡಿ ಆಮೇಲೆ ಕನ್ನಡಕ ಏರಿಸಿದರೆ ಅಂಚಿನಲ್ಲಿ ಎರಡೂವರೆ ಡಿಗ್ರಿ ತಪ್ಪು. ಆಪ್ಟಿಕ್ಸ್ ಟೀಮ್ ಇದನ್ನು ಸಾಫ್ಟ್‌ವೇರ್ ಟೀಮ್‌ಗೆ ಬರೆದು ಕೊಡಬೇಕು: ಕ್ಯಾಲಿಬ್ರೇಶನ್ ಪ್ರೊಫೈಲ್ ಅನ್ನುವುದು ಒಬ್ಬ ಮನುಷ್ಯನದ್ದಲ್ಲ, ಆ ಮನುಷ್ಯ ಮತ್ತು ಆ ಕನ್ನಡಕ ಸೇರಿದ ಜೋಡಿಯದ್ದು.

ಪವರ್ ನಿಜವಾಗಿ ಕಾಡುವುದು ಒಂದೇ ಗಾಜಿನಲ್ಲಿ ಅದು ಬದಲಾಗುವಾಗ. ಗೆರೆ ಎಳೆದು ಎರಡು ಪವರ್ ಇಟ್ಟ ಬೈಫೋಕಲ್, ಗೆರೆಯಿಲ್ಲದೆ ನಿಧಾನವಾಗಿ ಬದಲಾಗುವ ಪ್ರೋಗ್ರೆಸಿವ್. ಓದುವ ಪವರ್ ಗಾಜಿನ ಕೆಳಭಾಗದಲ್ಲಿರುತ್ತದೆ. ನಿಮ್ಮ ಕ್ಯಾಮೆರಾ ಕೂಡ ಕೆಳಗಿಂದಲೇ ನೋಡುತ್ತಿದ್ದರೆ? ಅದು ಓದುವ ಭಾಗದ ಮೂಲಕ ಕಣ್ಣನ್ನು ನೋಡುತ್ತದೆ. ಬೈಫೋಕಲ್‌ನ ಗೆರೆ ಪಾಪೆಯ ಚಿತ್ರದ ಮಧ್ಯೆಯೇ ಹಾದುಹೋಗಬಹುದು. ಗೆರೆಯ ಮೇಲೆ ಒಂದು ಅಳತೆ, ಕೆಳಗೆ ಇನ್ನೊಂದು. ಕನ್ನಡಕ ಸ್ವಲ್ಪ ಜಾರಿದರೂ ಆ ಗೆರೆ ಬೇರೆ ಕಡೆ ಹೋಗುವುದರಿಂದ ಕ್ಯಾಲಿಬ್ರೇಶನ್‌ಗೂ ಇದು ಬಗ್ಗುವುದಿಲ್ಲ. ನಲವತ್ತು ದಾಟಿದವರು ನಿಮ್ಮ ಬಳಕೆದಾರರಾಗಿದ್ದರೆ ಮೈನಸ್ 8ಕ್ಕಿಂತ ಮೊದಲು ಇದರ ಬಗ್ಗೆ ಯೋಚಿಸಿ.

ಕನ್ನಡಕ ತೆಗೆಸುವ ದಾರಿ: ಇನ್ಸರ್ಟ್

ಇನ್ಸರ್ಟ್ ಎಂದರೆ ಹೆಡ್‌ಸೆಟ್‌ನೊಳಗೇ ಕೂರಿಸುವ ಪವರ್ ಗಾಜು. ಸಾಧ್ಯವಿದ್ದರೆ ಇದೇ ಒಳ್ಳೆಯ ದಾರಿ. ಆಪಲ್ ವಿಷನ್ ಪ್ರೋ 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಬಂದಾಗಲೇ ಕನ್ನಡಕದ ಮೇಲೆ ಹಾಕಿಕೊಳ್ಳುವ ಮಾತೇ ಇರಲಿಲ್ಲ. ಅದರ ಬದಲು ಝೈಸ್ ಮಾಡಿದ, ಮ್ಯಾಗ್ನೆಟ್‌ನಲ್ಲಿ ಅಂಟುವ ಇನ್ಸರ್ಟ್. ಓದುವ ಪವರ್‌ನದ್ದು 99 ಡಾಲರ್, ವೈದ್ಯರ ಚೀಟಿಯಂತೆ ಮಾಡಿಸಿದ್ದು 149 ಡಾಲರ್. ಇನ್ಸರ್ಟ್ ಜೊತೆ ಬರುವ ಕೋಡನ್ನು ಹೆಡ್‌ಸೆಟ್‌ಗೆ ತೋರಿಸಬೇಕು. ಮೇಲಿನ 13 ಶೇಕಡಾ ಲೆಕ್ಕ ನೋಡಿದವರಿಗೆ ಹೆಡ್‌ಸೆಟ್ ಯಾಕೆ ಪವರ್ ತಿಳಿದುಕೊಳ್ಳಬೇಕು ಎಂದು ಅರ್ಥವಾಗುತ್ತದೆ. ಮ್ಯಾಜಿಕ್ ಲೀಪ್ ಎಂಬ ಹೆಡ್‌ಸೆಟ್ ಕಂಪನಿ ಕೂಡ ಇನ್ಸರ್ಟ್ ದಾರಿಯನ್ನೇ ಹಿಡಿಯಿತು.

ಇನ್ಸರ್ಟ್‌ನಿಂದಲೂ ಪ್ರತಿಫಲನ ಬರುತ್ತದೆ, ಅದು ಮಾಯವಾಗುವುದಿಲ್ಲ. ಆದರೆ ಆ ಗಾಜು ಈಗ ನಿಮ್ಮ ಕೈಯಲ್ಲಿದೆ. ಅದರ ಬಾಗು, ಓರೆ, ದೂರ ಎಲ್ಲ ನಿಮಗೆ ಗೊತ್ತು. ಎಲ್‌ಇಡಿಯ ತರಂಗಕ್ಕೂ ಹೊಂದುವ ಕೋಟಿಂಗ್ ಹಾಕಿಸಬಹುದು. ಭೂತ ಎಲ್ಲಿ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಆ ಜಾಗ ಬಿಟ್ಟು ದೀಪ ಇಡಬಹುದು. ಮತ್ತು ಅದು ಜಾರುವುದಿಲ್ಲ.

ಎರಡನೇ ಲಾಭ ನೋಟದ ಅಗಲ. 40 ಮಿ.ಮೀ. ಅಗಲದ ಡಿಸ್‌ಪ್ಲೇ ಲೆನ್ಸ್ (ಪರದೆಗೂ ಕಣ್ಣಿಗೂ ನಡುವೆ ಇರುವ ಹೆಡ್‌ಸೆಟ್‌ನ ಲೆನ್ಸ್) ಕಣ್ಣಿನಿಂದ 12 ಮಿ.ಮೀ. ದೂರದಲ್ಲಿದ್ದರೆ ಲೆನ್ಸ್‌ನ ಅಂಚು ಬಿಡುವ ಕೋನ ಸುಮಾರು 118 ಡಿಗ್ರಿ. ಕನ್ನಡಕಕ್ಕೆ ಜಾಗ ಬಿಡಲು ಅದನ್ನು 20 ಮಿ.ಮೀ.ಗೆ ತಳ್ಳಿದರೆ 90 ಡಿಗ್ರಿ. ಕನ್ನಡಕ ಸಾಮಾನ್ಯವಾಗಿ ಕಾರ್ನಿಯಾದಿಂದ 12ರಿಂದ 14 ಮಿ.ಮೀ. ದೂರ ಕೂರುತ್ತದೆ. ಅದರ ಮೇಲೆ ಗಾಜಿನ ದಪ್ಪ, ಒಂದಕ್ಕೊಂದು ತಾಗಿ ಗೀರಾಗದಂತೆ ಸ್ವಲ್ಪ ಸಂದು. 20 ಬೇಡವೆಂದರೂ ಬಿಡುವುದಿಲ್ಲ. ಪ್ಲೇಸ್ಟೇಷನ್ ವಿಆರ್2 ಮತ್ತು ಮೆಟಾ ಕ್ವೆಸ್ಟ್ ಪ್ರೋದಲ್ಲಿ ಲೆನ್ಸನ್ನು ಹಿಂದೆ ಮುಂದೆ ಸರಿಸುವ ವ್ಯವಸ್ಥೆ ಇರುವುದು ಕನ್ನಡಕದವರಿಗೂ ಬರಿಗಣ್ಣಿನವರಿಗೂ ಒಂದೇ ದೂರ ಹೊಂದುವುದಿಲ್ಲವಾದ್ದರಿಂದ.

ಇನ್ಸರ್ಟ್ ಸೋಲುವುದು ಹಂಚಿಕೊಂಡು ಬಳಸುವ ಕಡೆ. ಕಾರ್ಖಾನೆಯ ತರಬೇತಿ, ಮ್ಯೂಸಿಯಂ, ಕಾಲೇಜು ಲ್ಯಾಬ್, ಶೋರೂಮ್ ಡೆಮೊ. ಮುಂದಿನವರು ಯಾವ ಪವರ್‌ನವರೋ ಯಾರಿಗೆ ಗೊತ್ತು? ಅಸ್ಟಿಗ್ಮ್ಯಾಟಿಸಂ ಇದ್ದರೆ ಸ್ಟಾಕ್‌ನಲ್ಲಿಟ್ಟ ಇನ್ಸರ್ಟ್ ಹೊಂದುವುದಿಲ್ಲ. ಅಲ್ಲಿ ಕನ್ನಡಕದ ಜೊತೆ ಬದುಕಲೇಬೇಕು.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿದ್ದರೆ ನಿಮ್ಮ ಅದೃಷ್ಟ. ಮೆತ್ತನೆಯದಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಗಟ್ಟಿ ಲೆನ್ಸ್ ಕಾರ್ನಿಯಾದ ಮೇಲೆ ತೇಲಾಡುತ್ತದೆ, ಗ್ಲಿಂಟ್ ಅದರ ಮೇಲಿಂದ ಬರುತ್ತದೆ, ಹಾಗಾಗಿ ಲೆಕ್ಕ ಕೆಡುತ್ತದೆ.

ಕನ್ನಡಕ ಉಳಿದರೆ ಕ್ಯಾಮೆರಾ ಎಲ್ಲಿ?

ಮೊದಲ ಜಾಗ, ಡಿಸ್‌ಪ್ಲೇ ಲೆನ್ಸ್‌ನ ಅಂಚು. ಸಾಮಾನ್ಯವಾಗಿ ಕೆಳಗೆ ಅಥವಾ ಮೂಗಿನ ಕಡೆ. ಇದು ಅಗ್ಗ, ಸರಳ. ಡಿಸ್‌ಪ್ಲೇ ಆಪ್ಟಿಕ್ಸ್‌ಗೆ ಕೈ ಹಚ್ಚುವ ಅಗತ್ಯವಿಲ್ಲ. ಬರಿಗಣ್ಣಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕನ್ನಡಕ ಬಂದ ತಕ್ಷಣ ಮೂರು ಪೆಟ್ಟು. ಕೆಳಗಿನ ಫ್ರೇಮ್ ಅಡ್ಡ ಬರುತ್ತದೆ. ಓರೆಯಾಗಿ ನೋಡುವುದರಿಂದ ಗಾಜಿನ ಅಂಚಿನ ಬಾಗು ಚಿತ್ರವನ್ನು ಎಳೆಯುತ್ತದೆ. ಬೈಫೋಕಲ್ ಕಥೆ ಆಗಲೇ ಹೇಳಿದೆ. ಇದನ್ನೇ ಆರಿಸುವುದಾದರೆ ಕಣ್ಣಿಗೆ ಎರಡು ಕ್ಯಾಮೆರಾ ಇಡಿ, ಒಂದು ಮೂಗಿನ ಕಡೆ, ಒಂದು ಕೆನ್ನೆಯ ಕಡೆ. ಒಂದಕ್ಕೆ ಫ್ರೇಮ್ ಅಡ್ಡ ಬಂದರೆ ಇನ್ನೊಂದು ನೋಡುತ್ತದೆ. ಜೊತೆಗೆ ಎರಡು ಕ್ಯಾಮೆರಾ ಮತ್ತು ಹಲವು ದೀಪ ಇದ್ದರೆ ಆ ಮನುಷ್ಯನ ಕಾರ್ನಿಯಾದ ತ್ರಿಜ್ಯ ಮೊದಲೇ ಗೊತ್ತಿಲ್ಲದಿದ್ದರೂ ಅದರ ಕೇಂದ್ರವನ್ನು ಹಿಡಿಯಬಹುದು. ಕಡೆಗೆ ಕ್ಯಾಲಿಬ್ರೇಶನ್‌ನ ಚುಕ್ಕೆಗಳು ಕಡಿಮೆಯಾಗುತ್ತವೆ.

ಎರಡನೇ ಜಾಗ, ನೇರ ಮುಂದೆ. ಕ್ಯಾಮೆರಾವನ್ನೇ ಅಲ್ಲಿಟ್ಟರೆ ಪರದೆ ಮುಚ್ಚಿಹೋಗುತ್ತದೆ, ಅದಕ್ಕೆ ಹಾಟ್ ಮಿರರ್ ಬೇಕು. ಕಾಣುವ ಬೆಳಕನ್ನು ಬಿಟ್ಟು ಇನ್‌ಫ್ರಾರೆಡ್ ಮಾತ್ರ ತಿರುಗಿಸುವ ಕನ್ನಡಿ ಅದು. ಕಣ್ಣಿಗೂ ಡಿಸ್‌ಪ್ಲೇ ಲೆನ್ಸ್‌ಗೂ ನಡುವೆ ಅದನ್ನು 45 ಡಿಗ್ರಿಯಲ್ಲಿ ಇಡಲು ಹೊರಟರೆ 30 ಮಿ.ಮೀ. ಅಗಲಕ್ಕೆ 30 ಮಿ.ಮೀ. ಆಳ ಬೇಕು. ಕನ್ನಡಕಕ್ಕೇ ಜಾಗವಿಲ್ಲದ ಕಡೆ ಇದು ಆಗದ ಮಾತು. ಲೆನ್ಸ್‌ಗೂ ಪರದೆಗೂ ನಡುವೆ ಇಡಬಹುದು. ಹಳೆಯ ದಪ್ಪ ಹೆಡ್‌ಸೆಟ್‌ಗಳಲ್ಲಿ ಅಲ್ಲಿ ಸಾಕಷ್ಟು ಖಾಲಿ ಜಾಗ ಇರುತ್ತಿತ್ತು. ಆದರೆ ಆಗ ಕ್ಯಾಮೆರಾ ಡಿಸ್‌ಪ್ಲೇ ಲೆನ್ಸ್ ಮೂಲಕವೇ ಕಣ್ಣನ್ನು ನೋಡಬೇಕು, ಉಂಗುರ ಉಂಗುರವಾಗಿ ಕೊರೆದ ಫ್ರೆನೆಲ್ ಲೆನ್ಸ್ ಆಗಿದ್ದರೆ ಅದರ ಉಂಗುರಗಳೆಲ್ಲ ಚಿತ್ರದಲ್ಲಿ ಬರುತ್ತವೆ. ಬೆಳಕನ್ನು ಒಳಗೇ ಹಿಂದೆ ಮುಂದೆ ಓಡಿಸುವ ಈಗಿನ ತೆಳ್ಳಗಿನ ಪ್ಯಾನ್‌ಕೇಕ್ ಲೆನ್ಸ್‌ನಲ್ಲಿ ಆ ಖಾಲಿ ಜಾಗವೂ ಇಲ್ಲ. ಅದರೊಳಗಿನ ಪೋಲರೈಸರ್ ಮತ್ತು ವೇವ್‌ಪ್ಲೇಟ್‌ಗಳನ್ನು (ಬೆಳಕಿನ ಕಂಪನದ ದಿಕ್ಕನ್ನು ಆಯುವ, ಬದಲಿಸುವ ಪದರಗಳು) ಕಾಣುವ ಬೆಳಕಿಗೆ ಲೆಕ್ಕ ಹಾಕಿರುತ್ತಾರೆ. ಇನ್‌ಫ್ರಾರೆಡ್‌ನಲ್ಲಿ ಅವು ತಮ್ಮ ಇಷ್ಟದಂತೆ ವರ್ತಿಸುತ್ತವೆ.

ಇಷ್ಟೆಲ್ಲ ತೊಂದರೆಯಿದ್ದರೂ ನೇರ ನೋಟಕ್ಕೆ ಕನ್ನಡಕದ ವಿಷಯದಲ್ಲಿ ದೊಡ್ಡ ಗುಣವಿದೆ. ಗಾಜಿನ ಮಧ್ಯಭಾಗದಿಂದ ನೋಡುವುದರಿಂದ ಪ್ರಿಸಂನಂತೆ ಚಿತ್ರ ಪಕ್ಕಕ್ಕೆ ಸರಿಯುವುದು ಕಡಿಮೆ, ಫ್ರೇಮ್ ಅಡ್ಡ ಬರುವುದಿಲ್ಲ, ರೆಪ್ಪೆಗೂದಲಿನ ಕಾಟವೂ ಕಡಿಮೆ. ಗಾತ್ರದ ಚಿಂತೆಯಿಲ್ಲದ ಸಂಶೋಧನೆಯ ಹೆಡ್‌ಸೆಟ್ ಅಥವಾ ಕಣ್ಣಿನ ಪರೀಕ್ಷೆಯ ಉಪಕರಣ ನಿಮ್ಮದಾದರೆ ನಾನು ಇದನ್ನೇ ಆರಿಸುತ್ತೇನೆ.

ಮೂರನೇ ಜಾಗ, ಗಾಜಿನ ಒಳಗಡೆ. ಕ್ಯಾಮೆರಾಗೂ ಕಣ್ಣಿಗೂ ನಡುವೆ ಗಾಜೇ ಇಲ್ಲದಂತೆ ಮಾಡುವುದು. ಟ್ರ್ಯಾಕರ್ ಅನ್ನೇ ಕನ್ನಡಕವಾಗಿ ಮಾಡುವ ಕಂಪನಿಗಳದ್ದು ಈ ದಾರಿ. ಪ್ಯೂಪಿಲ್ ಲ್ಯಾಬ್ಸ್‌ನ ನಿಯಾನ್‌ನಲ್ಲಿ ಕ್ಯಾಮೆರಾಗಳು ಮೂಗಿನ ಸೇತುವೆಯ ಹತ್ತಿರದ ಒಂದು ಪುಟ್ಟ ಮಾಡ್ಯೂಲ್‌ನಲ್ಲಿವೆ. ಟೋಬಿ ಪ್ರೋ ಗ್ಲಾಸಸ್ 3ರಲ್ಲಿ ನಾಲ್ಕು ಕಣ್ಣಿನ ಕ್ಯಾಮೆರಾ ಮತ್ತು 16 ದೀಪಗಳನ್ನು ಗಾಜಿನೊಳಗೇ ಹುದುಗಿಸಿದ್ದಾರೆ. ಹೆಡ್‌ಸೆಟ್‌ನವರಿಗೆ ಇದು ನೇರವಾಗಿ ಆಗುವುದಿಲ್ಲ, ಯಾಕೆಂದರೆ ಕನ್ನಡಕ ಬಳಕೆದಾರರದ್ದು. ಮೂಗಿನ ಕಡೆಯಿಂದ ಒಂದು ಚಿಕ್ಕ ಕ್ಯಾಮೆರಾವನ್ನು ಗಾಜಿನ ಹಿಂದಕ್ಕೆ ತೂರಿಸುವ ಐಡಿಯಾ ಆಗಾಗ ಬರುತ್ತದೆ. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಬೇರೆ ಬೇರೆ ಮೂಗು, ಬೇರೆ ಬೇರೆ ನೋಸ್‌ಪ್ಯಾಡ್ ಎದುರಾದಾಗ ಕೆಡುತ್ತದೆ. ಕಣ್ಣಿನ ಅಷ್ಟು ಹತ್ತಿರ ಗಟ್ಟಿ ವಸ್ತು ಇಡುವುದಕ್ಕೆ ಸುರಕ್ಷತೆಯವರೂ ಒಪ್ಪುವುದು ಕಷ್ಟ.

ಕ್ಯಾಮೆರಾ ಇಲ್ಲದ ದಾರಿಯೂ ಇದೆ. ಆಡ್‌ಹಾಕ್ ಮೈಕ್ರೋಸಿಸ್ಟಮ್ಸ್ ಎಂಬ ಕೆನಡಾದ ಕಂಪನಿ ಎಂಇಎಂಎಸ್ ಎಂಬ, ಚಿಪ್ ಮೇಲೆ ಕೊರೆದ ಪುಟಾಣಿ ಅಲುಗಾಡುವ ಕನ್ನಡಿಯಿಂದ ಬೆಳಕಿನ ಕಿರಣವನ್ನು ಕಣ್ಣಿನ ಮೇಲೆ ಓಡಿಸಿ, ಕಾರ್ನಿಯಾದಿಂದ ಬರುವ ಹೊಳಪನ್ನು ಫೋಟೋಡಯೋಡ್‌ನಲ್ಲಿ (ಬೆಳಕಿನ ಪ್ರಮಾಣವನ್ನಷ್ಟೇ ಅಳೆಯುವ ಬಿಡಿಭಾಗ) ಹಿಡಿಯುವ ತಂತ್ರ ಮಾಡಿತು. ವಿದ್ಯುತ್ ಕಡಿಮೆ, ವೇಗ ಜಾಸ್ತಿ. ಆದರೆ ಹೊರಗಿಂದ ಕನ್ನಡಕದ ಮೂಲಕ ಹೋದರೆ ಗಾಜಿನ ಹೊಳಪೂ ಫೋಟೋಡಯೋಡ್‌ಗೆ ಹೊಳಪೇ. ಚಿತ್ರ ಇಲ್ಲದ್ದರಿಂದ ಯಾವುದು ಯಾವುದೆಂದು ಬೇರ್ಪಡಿಸಲು ದಾರಿ ಕಡಿಮೆ. ಕನ್ನಡಕದ ಆಕಾರದ ಎಆರ್‌ಗೆ (ಹೊರಗಿನ ಲೋಕದ ಮೇಲೆಯೇ ಚಿತ್ರ ತೋರಿಸುವ ಸಾಧನ) ಇದು ಒಳ್ಳೆಯದು, ಕನ್ನಡಕದ ಮೇಲೆ ಹಾಕುವ ಹೆಡ್‌ಸೆಟ್‌ಗೆ ಅಲ್ಲ.

ದೀಪಗಳು: ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ ಜಾಗ

ಒಂದು ಸಣ್ಣ ಲೆಕ್ಕ ಮಾಡೋಣ. ಕನ್ನಡಕದ ಕೆಳಗಿನ ಅಂಚು ಕೆನ್ನೆಯ ಕಡೆ ಸ್ವಲ್ಪ ಬಾಗಿರುತ್ತದೆ, 10 ಡಿಗ್ರಿ ಎಂದುಕೊಳ್ಳಿ. ಗಾಜು ಚಪ್ಪಟೆ ಎಂದೇ ಭಾವಿಸೋಣ. ಕ್ಯಾಮೆರಾ ಗಾಜಿನಿಂದ 15 ಮಿ.ಮೀ. ಮುಂದೆ, ಮಧ್ಯದಿಂದ 22 ಮಿ.ಮೀ. ಕೆಳಗೆ ಇದೆ. ಎಲ್‌ಇಡಿಗಳು 22 ಮಿ.ಮೀ. ತ್ರಿಜ್ಯದ ಉಂಗುರದಲ್ಲಿ, ಗಾಜಿನಿಂದ 10 ಮಿ.ಮೀ. ಮುಂದೆ ಇವೆ. ಕ್ಯಾಮೆರಾ ಪಾಪೆಯನ್ನು ನೋಡುವ ಗೆರೆ ಗಾಜನ್ನು ಒಂದು ಜಾಗದಲ್ಲಿ ದಾಟುತ್ತದೆ. ಎಲ್‌ಇಡಿಯ ಭೂತ ಗಾಜಿನ ಮೇಲೆ ಇನ್ನೊಂದು ಜಾಗದಲ್ಲಿ ಕಾಣುತ್ತದೆ. ಇವೆರಡರ ಅಂತರವೇ ನಮಗೆ ಬೇಕಾದ್ದು.

ಉಂಗುರದ ಮೇಲಿನ ಎಲ್‌ಇಡಿಗೆ ಈ ಅಂತರ ಸುಮಾರು 23 ಮಿ.ಮೀ. ಬರುತ್ತದೆ. ಕೆಳಗಿನ, ಅಂದರೆ ಕ್ಯಾಮೆರಾದ ಪಕ್ಕದ ಎಲ್‌ಇಡಿಗೆ ಸುಮಾರು 10. ಆ ಮನುಷ್ಯ 20 ಡಿಗ್ರಿ ಕೆಳಗೆ ನೋಡಿದರೆ ಅದು 8ಕ್ಕೆ ಇಳಿಯುತ್ತದೆ. ಕ್ಯಾಮೆರಾ ಹತ್ತಿರದ ದೀಪವೇ ಅಪಾಯದ್ದು ಎಂದಾಯಿತು. ವೈರಿಂಗ್ ಸುಲಭ ಎಂದು ಕ್ಯಾಮೆರಾ ಬೋರ್ಡ್ ಮೇಲೆಯೇ ಎಲ್‌ಇಡಿ ಕೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ಕನ್ನಡಕ ಬೇಕಾದರೆ ಆ ಆಸೆ ಬಿಡಿ.

ಹಾಗಾದರೆ ಎಲ್ಲ ದೀಪ ಮೇಲೆಯೇ ಇಟ್ಟರೆ? ಅಲ್ಲಿ ರೆಪ್ಪೆ ಕಾದಿರುತ್ತದೆ. ಮೇಲಿನ ದೀಪದ ಗ್ಲಿಂಟ್ ಕಾರ್ನಿಯಾದ ಮೇಲ್ಭಾಗದಲ್ಲಿ ಕಾಣುತ್ತದೆ. ಕಣ್ಣು ಅರೆ ಮುಚ್ಚಿದಾಗ, ಕೆಳಗೆ ನೋಡಿದಾಗ ಅದೇ ಮೊದಲು ಮರೆಯಾಗುತ್ತದೆ. ಕನ್ನಡಕದ ಮೇಲಿನ ಫ್ರೇಮ್‌ನ ನೆರಳೂ ಅಲ್ಲೇ ಬೀಳುತ್ತದೆ. ನನಗೆ ಸರಿ ಕಾಣುವುದು ಎರಡು ಪಕ್ಕಗಳು: ಗಡಿಯಾರದ ಮುಳ್ಳಿನಲ್ಲಿ ಹೇಳುವುದಾದರೆ 2ರಿಂದ 4, ಮತ್ತು 8ರಿಂದ 10. ಇದೇ ಲೆಕ್ಕದಲ್ಲಿ 3 ಗಂಟೆಯ ದೀಪದ ಭೂತ ಪಕ್ಕಕ್ಕೆ 14 ಮಿ.ಮೀ. ಸರಿದು ಬೀಳುತ್ತದೆ. ಮೇಲೆ ಒಂದೆರಡು ಬ್ಯಾಕಪ್ ಇರಲಿ.

ನಿಜವಾದ ಗಾಜು ಬಾಗಿರುವುದರಿಂದ ಈ ಅಂಕಿಗಳು ಬದಲಾಗುತ್ತವೆ. ಮುಂದಿನ ಮತ್ತು ಹಿಂದಿನ ಮೇಲ್ಮೈಯ ಬಾಗು ಬೇರೆ ಬೇರೆ, ಹಾಗಾಗಿ ಎರಡು ಭೂತಗಳೂ ಬೇರೆ ಜಾಗದಲ್ಲಿ ನಿಲ್ಲುತ್ತವೆ. ಝೀಮ್ಯಾಕ್ಸ್ ಇರಲಿ, ಬೆಳಕಿನ ದಾರಿ ಲೆಕ್ಕ ಹಾಕುವ ಬೇರೆ ಯಾವುದಾದರೂ ರೇ ಟ್ರೇಸರ್ ಸಾಫ್ಟ್‌ವೇರ್ ಇರಲಿ, ಮೈನಸ್ 6, ಸೊನ್ನೆ, ಪ್ಲಸ್ 3 ಎಂದು ಮೂರು ಗಾಜು ಮಾಡಿ ಓಡಿಸಿ. ಓರೆಯನ್ನು 0ರಿಂದ 15 ಡಿಗ್ರಿವರೆಗೆ ಬದಲಿಸಿ. ಕನ್ನಡಕವನ್ನು ಮೂಗಿನ ಮೇಲೆ ಕೆಳಗಿಳಿಸಿ ನೋಡಿ. ಭೂತವನ್ನು ಪೂರ್ತಿ ಅಳಿಸುವ ಹಟ ಬೇಡ. ಅದು ಪಾಪೆ ಮತ್ತು ಐರಿಸ್ ಓಡಾಡುವ ಜಾಗದಿಂದ ಹೊರಗಿದ್ದರೆ ಸಾಕು. ಹಣೆಯ ಮೇಲೆ ಎಷ್ಟು ಹೊಳೆದರೆ ನಮಗೇನು?

ಎಲ್ಲ ಕನ್ನಡಕಕ್ಕೂ ಹೊಂದುವ ಒಂದು ಜೋಡಣೆ ಸಿಗುವುದಿಲ್ಲ. ಅದಕ್ಕೇ ಬೇಕಾದ್ದಕ್ಕಿಂತ ಜಾಸ್ತಿ ಎಲ್‌ಇಡಿ ಇಟ್ಟು, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಹೊತ್ತಿಸುವ ಡ್ರೈವರ್ ಸರ್ಕ್ಯೂಟ್ ಹಾಕಿ. ಹೆಡ್‌ಸೆಟ್ ಹಾಕಿದ ತಕ್ಷಣ ಒಂದೊಂದೇ ದೀಪ ಹೊತ್ತಿಸಿ ನೋಡಿ, ಯಾವುದರ ಭೂತ ಪಾಪೆಯ ಮೇಲೆ ಬೀಳುತ್ತದೋ ಅದನ್ನು ನಂದಿಸಿಬಿಡಬಹುದು. ಅಥವಾ ಎರಡು ಗುಂಪು ಮಾಡಿ ಕ್ಯಾಮೆರಾ ತೆಗೆಯುವ ಒಂದೊಂದು ಚಿತ್ರಕ್ಕೆ (ಫ್ರೇಮ್) ಒಂದು ಗುಂಪು ಹೊತ್ತಿಸಬಹುದು. ಎರಡನೆಯದಕ್ಕೆ ವೇಗ ಅರ್ಧವಾಗುತ್ತದೆ, ಸೆಕೆಂಡಿಗೆ 120 ಫ್ರೇಮ್ ತೆಗೆಯುವ ಕ್ಯಾಮೆರಾ 60ಕ್ಕೆ ಇಳಿದಂತೆ. ಮೊದಲನೆಯದರಲ್ಲಿ ಆ ನಷ್ಟ ಇಲ್ಲ. ಬಜೆಟ್‌ನಲ್ಲಿ ಒಂದೇ ಒಂದು ಹೆಚ್ಚುವರಿ ಖರ್ಚಿಗೆ ಅವಕಾಶವಿದ್ದರೆ ಅದನ್ನು ಈ ಡ್ರೈವರ್‌ಗೆ ಹಾಕಿ ಎಂದು ಹೇಳುತ್ತೇನೆ.

ಸಾಫ್ಟ್‌ವೇರ್‌ಗೂ ಇಲ್ಲಿ ಒಂದು ಸುಲಭದ ಸುಳಿವಿದೆ. ಕಣ್ಣು ಓಡಾಡಿದಾಗ ಕಾರ್ನಿಯಾದ ಗ್ಲಿಂಟ್ ಸರಿಯುತ್ತದೆ, ಗಾಜಿನ ಭೂತ ಕದಲುವುದಿಲ್ಲ. ಕೆಲವು ಸೆಕೆಂಡ್ ನೋಡಿದರೆ ಕದಲದ ಚುಕ್ಕಿಗಳ ನಕ್ಷೆ ಸಿಗುತ್ತದೆ. ಆದರೆ ಭೂತ ಪಾಪೆಯ ಮೇಲೆಯೇ ಕೂತು ಪಿಕ್ಸೆಲ್ ಸ್ಯಾಚುರೇಟ್ ಆಗಿದ್ದರೆ (ಪೂರಾ ಬೆಳ್ಳಗಾಗಿದ್ದರೆ) ಯಾವ ನ್ಯೂರಲ್ ನೆಟ್‌ವರ್ಕ್ ಕೂಡ ಏನೂ ಮಾಡಲಾರದು. ಅಲ್ಲಿ ಮಾಹಿತಿಯೇ ಇಲ್ಲ.

ದೀಪದ ಮುಂದೆ ಒಂದು, ಕ್ಯಾಮೆರಾ ಮುಂದೆ ಅದಕ್ಕೆ ಅಡ್ಡಲಾಗಿ ಇನ್ನೊಂದು ಪೋಲರೈಸರ್ (ಕ್ರಾಸ್ ಪೋಲರೈಸರ್) ಹಾಕಿದರೆ ಗಾಜಿನ ಹೊಳಪು ಹೋಗುತ್ತದಲ್ಲ ಎಂದು ಕೇಳುವವರು ಇದ್ದೇ ಇರುತ್ತಾರೆ. ಹೋಗುತ್ತದೆ. ಜೊತೆಗೆ ಕಾರ್ನಿಯಾದ ಗ್ಲಿಂಟ್ ಕೂಡ ಹೋಗುತ್ತದೆ, ಯಾಕೆಂದರೆ ಅದೂ ನಯವಾದ ಮೇಲ್ಮೈಯ ಪ್ರತಿಫಲನವೇ. ಬರೀ ಪಾಪೆಯ ಆಕಾರ ನಂಬುವ ಅಲ್ಗಾರಿದಂ ಆದರೆ ಪ್ರಯತ್ನಿಸಿ. ಪಾಲಿಕಾರ್ಬೊನೇಟ್ ಗಾಜಿನೊಳಗೆ ಒತ್ತಡದ ಗೆರೆಗಳಿದ್ದು ಅವು ಪೋಲರೈಸೇಶನ್ ಕೆಡಿಸುತ್ತವೆ ಎಂಬುದು ನೆನಪಿರಲಿ.

850ಆ, 940ಆ?

850 ನ್ಯಾನೋಮೀಟರ್‌ನಲ್ಲಿ ಸಿಲಿಕಾನ್ ಸೆನ್ಸರ್ ಚೆನ್ನಾಗಿ ನೋಡುತ್ತದೆ, ಕಡಿಮೆ ಬೆಳಕು ಸಾಕು. ಆದರೆ ಎಲ್‌ಇಡಿಯನ್ನು ನೇರ ನೋಡಿದರೆ ಮಂದವಾದ ಕೆಂಪು ಕಾಣುತ್ತದೆ, ಕತ್ತಲ ದೃಶ್ಯದಲ್ಲಿ ಕಿರಿಕಿರಿ. 940 ಕಾಣುವುದಿಲ್ಲ. ವಾತಾವರಣದ ನೀರಾವಿ ಆ ಭಾಗವನ್ನು ಹೀರಿಕೊಳ್ಳುವುದರಿಂದ ಬಿಸಿಲಿನಲ್ಲೂ ಅಲ್ಲಿ ಬೆಳಕು ಕಡಿಮೆ. ಮುಚ್ಚಿದ ವಿಆರ್‌ಗೆ ಎರಡೂ ನಡೆಯುತ್ತವೆ. ಬಿಸಿಲಿಗೆ ಹೋಗುವ ಎಆರ್‌ಗೆ 940. ಬಣ್ಣದ ಕನ್ನಡಕದ ಚಿಂತೆ ಅಷ್ಟಾಗಿ ಬೇಡ, ಹೆಚ್ಚಿನ ಬಣ್ಣಗಳು ಇನ್‌ಫ್ರಾರೆಡ್ ಅನ್ನು ತಡೆಯದೆ ದಾಟಲು ಬಿಡುತ್ತವೆ. ಕನ್ನಡಿಯಂತೆ ಹೊಳೆಯುವ ಕೋಟಿಂಗ್ ಮಾತ್ರ ಅನುಮಾನದ್ದು.

ಚಿತ್ರ ಮಂಕಾಗಿದೆ ಎಂದು ಎಲ್‌ಇಡಿ ಕರೆಂಟ್ ಏರಿಸುವ ಮೊದಲು ದೀಪದ ಬೆಳಕಿನಿಂದ ಕಣ್ಣಿನ ಸುರಕ್ಷತೆಯ ಮಾನದಂಡವಾದ ಐಇಸಿ 62471 ನೋಡಿ. ದೀರ್ಘಕಾಲ ನೋಡುವ ಕಣ್ಣಿಗೆ ಇನ್‌ಫ್ರಾರೆಡ್ ಮಿತಿ ಚದರ ಮೀಟರ್‌ಗೆ 100 ವ್ಯಾಟ್, ಅಂದರೆ ಚದರ ಸೆಂಟಿಮೀಟರ್‌ಗೆ 10 ಮಿಲಿವ್ಯಾಟ್. ಇದು ಎಲ್ಲ ದೀಪಗಳದ್ದೂ ಸೇರಿದ ಲೆಕ್ಕ. ಜಾಸ್ತಿ ಬೆಳಕಿನಿಂದ ಭೂತವೂ ಅಷ್ಟೇ ಜಾಸ್ತಿಯಾಗುತ್ತದೆ, ಹಾಗಾಗಿ ಲಾಭವೂ ಇಲ್ಲ.

ಯಾರಿಗೆ ಯಾವುದು

ಫೋವಿಯೇಟೆಡ್ ರೆಂಡರಿಂಗ್, ಅಂದರೆ ಕಣ್ಣು ನೋಡುವ ಭಾಗವನ್ನಷ್ಟೇ ಚೂಪಾಗಿ ಚಿತ್ರಿಸುವುದು, ಮಾತ್ರ ಬೇಕೇ? ಕೆಲವು ಡಿಗ್ರಿ ತಪ್ಪಾದರೂ ಚೂಪಾದ ಭಾಗವನ್ನು ಸ್ವಲ್ಪ ದೊಡ್ಡದು ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅಂಚಿನಲ್ಲಿ ಒಂದು ಕ್ಯಾಮೆರಾ, ಪಕ್ಕದ ದೀಪಗಳು, ಬೇಕಾದ ದೀಪವನ್ನಷ್ಟೇ ಹೊತ್ತಿಸುವ ಡ್ರೈವರ್. ಮುಗಿಯಿತು. ಟ್ರ್ಯಾಕಿಂಗ್ ಪೂರಾ ಕೈಕೊಟ್ಟರೆ ಮಧ್ಯಭಾಗವನ್ನು ಚೂಪಾಗಿಟ್ಟು ಸುಮ್ಮನಿರುವ ವ್ಯವಸ್ಥೆ ಇರಲಿ.

ಕಣ್ಣಿನಿಂದಲೇ ಬಟನ್ ಆರಿಸುವ ಇಂಟರ್‌ಫೇಸ್ ಆದರೆ 1 ಡಿಗ್ರಿಯ ಆಸುಪಾಸು ಬೇಕು, ಅದೂ ಎಲ್ಲರಿಗೂ, ಎಲ್ಲ ಹೊತ್ತಿನಲ್ಲೂ. ಹತ್ತರಲ್ಲಿ ಒಬ್ಬರಿಗೆ ಕೈಕೊಡುವ ಬಟನ್ ಬಟನ್ನೇ ಅಲ್ಲ. ಒಬ್ಬರೇ ಬಳಸುವ ಸಾಧನವಾದರೆ ಇನ್ಸರ್ಟ್, ಬೇರೆ ಮಾತಿಲ್ಲ. ಹಂಚಿಕೊಳ್ಳುವ ಸಾಧನವಾದರೆ ಅಂಚಿನಲ್ಲಿ ಎರಡು ಕ್ಯಾಮೆರಾ, ಜೊತೆಗೆ ಕೈಯಿಂದ ಆರಿಸುವ ಪರ್ಯಾಯ. ಮೈಕ್ರೋಸಾಫ್ಟ್ ಹೋಲೋಲೆನ್ಸ್ 2 ಕನ್ನಡಕದ ಮೇಲೆಯೇ ಹಾಕುವಂತೆ ಮಾಡಿದ್ದು. ಆದರೂ ಕೆಲವು ಬಗೆಯ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ದಪ್ಪ ಮಸ್ಕಾರಾ ಇದ್ದರೆ ಐ ಟ್ರ್ಯಾಕಿಂಗ್ ಕೆಲಸ ಮಾಡದಿರಬಹುದು ಎಂದು ಅದರ ದಾಖಲೆಯಲ್ಲೇ ಹೇಳಿದ್ದಾರೆ. ಅಷ್ಟು ದೊಡ್ಡ ಕಂಪನಿಯೇ ಹಾಗೆ ಬರೆದುಕೊಂಡಿರುವಾಗ ನಿಮ್ಮ ಡೇಟಾಶೀಟ್‌ನಲ್ಲಿ 'ಎಲ್ಲ ಕನ್ನಡಕಕ್ಕೂ ಸೂಕ್ತ' ಎಂದು ಬರೆಯುವ ಮುಂಚೆ ಯೋಚಿಸಿ.

ಎರಡು ಕಣ್ಣು ಎಷ್ಟು ದೂರದಲ್ಲಿ ಕೂಡುತ್ತವೆ ಎಂದು ಅಳೆದು ಫೋಕಸ್ ಬದಲಿಸುವ ಸಾಧನವಾದರೆ ಕೆಲಸ ಬಹಳ ಕಷ್ಟ. ಕಣ್ಣುಗಳ ನಡುವೆ 63 ಮಿ.ಮೀ. ಇದ್ದರೆ 2 ಮೀಟರ್ ದೂರಕ್ಕೂ ಅನಂತಕ್ಕೂ ಇರುವ ವ್ಯತ್ಯಾಸ 1.8 ಡಿಗ್ರಿ ಮಾತ್ರ. ಮೂಗಿನ ಮೇಲೆ ಜಾರುವ ಕನ್ನಡಕದ ಮೂಲಕ ಇದನ್ನು ನಂಬಿಕೆಯಿಂದ ಅಳೆಯುವ ಭರವಸೆ ನಾನಂತೂ ಕೊಡುವುದಿಲ್ಲ. ಇಲ್ಲೂ ಇನ್ಸರ್ಟೇ.

ಪರೀಕ್ಷೆಗೆ ಕನ್ನಡಕದ ಡಬ್ಬಿ

ಆಯ್ಕೆ ಏನೇ ಇರಲಿ, ಪರೀಕ್ಷೆಯ ಕನ್ನಡಕಗಳನ್ನು ಮೊದಲ ವಾರವೇ ಕೊಂಡುಬಿಡಿ. ಆಫೀಸಿನಲ್ಲಿ ಕನ್ನಡಕ ಹಾಕಿದವರನ್ನು ಕರೆದು ನೋಡಿದರೆ ಸಾಲದು, ಅವರೆಲ್ಲರದ್ದೂ ಹೆಚ್ಚುಕಮ್ಮಿ ಒಂದೇ ವಯಸ್ಸು, ಒಂದೇ ಬಗೆಯ ಗಾಜು. ನಮ್ಮ ಕಡೆ ಆಪ್ಟಿಕಲ್ ಅಂಗಡಿಯಲ್ಲಿ ಜಾಸ್ತಿ ಹೋಗುವ ಹಸಿರು ಹೊಳಪಿನ 1.56 ಗಾಜು ಒಂದು. ನೀಲಿ ಹೊಳಪಿನ ಬ್ಲೂ ಕಟ್ ಒಂದು. ಕೋಟಿಂಗ್ ಇಲ್ಲದ್ದು ಒಂದು. ಪಾಲಿಕಾರ್ಬೊನೇಟ್, 1.67, ಡಿ ಬೈಫೋಕಲ್, ಪ್ರೋಗ್ರೆಸಿವ್ ತಲಾ ಒಂದು. ಫ್ರೇಮ್‌ಗಳಲ್ಲಿ ದಪ್ಪ ಕಪ್ಪು ಪ್ಲಾಸ್ಟಿಕ್, ತೆಳ್ಳಗಿನ ಲೋಹ, ಕೆಳಗೆ ಅಂಚಿಲ್ಲದ್ದು. ಲೋಹದ ಫ್ರೇಮ್ ತಾನೇ ಹೊಳೆಯುವುದರಿಂದ ಅದನ್ನು ಬಿಡಬೇಡಿ. ಒಂದೆರಡು ಗಾಜಿನ ಮೇಲೆ ಬೆರಳಿನ ಎಣ್ಣೆ ಹಚ್ಚಿ ಇಡಿ, ಒರೆಸಬೇಡಿ. ಜನ ಹಾಗೇ ಹಾಕಿಕೊಂಡು ಬರುತ್ತಾರೆ.

ಪ್ರತಿ ಕನ್ನಡಕಕ್ಕೂ ಎರಡು ಅಂಕಿ ಬರೆದುಕೊಳ್ಳಿ: ಕ್ಯಾಲಿಬ್ರೇಶನ್ ಆದ ತಕ್ಷಣದ ತಪ್ಪು ಎಷ್ಟು, ಹೆಡ್‌ಸೆಟ್ ತೆಗೆದು, ಕನ್ನಡಕ ಸರಿಮಾಡಿಕೊಂಡು, ಮತ್ತೆ ಹಾಕಿದ ಮೇಲೆ ಎಷ್ಟು. ಡೆಮೊದಲ್ಲಿ ತೋರಿಸುವುದು ಮೊದಲನೆಯದನ್ನು. ಕ್ಯಾಮೆರಾ ಜಾಗ ಆರಿಸಬೇಕಾದ್ದು ಎರಡನೆಯದನ್ನು ನೋಡಿ.